ಕಾಜಾ ಅಕ್ಕನ ಕಿವಿ

"ಅಣ್ಣಾ, ಇದು ಪಿಸುಗುಡ್ತಾ ಇದೆ. ಮೂರು ಗಂಟೆ ಒಳಗೆ ಇದಕ್ಕೆ ಬಾಯಿ ಬರಿಸ್ಬೇಕು," ಎಂದು ಕಾಜಾ ಅಕ್ಕ ಇಯರ್‌ಬಡ್ಡಿನ ಪುಟ್ಟ ಡಬ್ಬಿಯನ್ನು ಮೊಬೈಲ್ ರಿಪೇರಿಯವನ ಮುಂದಿಟ್ಟಳು. ಆಗಲೇ ಎರಡು ಹೊಡೆದು ಹತ್ತು ನಿಮಿಷವಾಗಿತ್ತು.

ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕೈಯಿಂದ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹೊಲಿಯುವವಳು. ಅದಕ್ಕೇ ಆ ಹೆಸರು. ಊಟದ ಬಿಡುವಿನಲ್ಲಿ ಓಡಿ ಬಂದಿದ್ದಳು. ಇವತ್ತು ಮೂರು ಗಂಟೆಗೆ ಮಗಳು ಮೊದಲ ಸಲ ರೇಡಿಯೊದಲ್ಲಿ ಸುದ್ದಿ ಓದುತ್ತಾಳೆ, ಐದೇ ನಿಮಿಷ, ತಪ್ಪಿದರೆ ತಪ್ಪಿತು. ಅಂಗಡಿಯಲ್ಲಿ ಆರು ಮಷಿನ್ನುಗಳ ಗದ್ದಲ. ರೇಡಿಯೊ ಜೋರಾಗಿ ಹಾಕೋಣವೆಂದರೆ ಮಾಸ್ಟರು ಬಿಡುವುದಿಲ್ಲ. ಹಿಂದೊಮ್ಮೆ ಪಂದ್ಯದ ಕಾಮೆಂಟರಿ ಕೇಳುತ್ತ ಯಾರೋ ಒಂದೇ ಅಂಗಿಗೆ ಎರಡೂ ಎಡದ ತೋಳೇ ಹಚ್ಚಿದ್ದರಂತೆ. ಇಷ್ಟನ್ನೂ ಆಕೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ರಿಪೇರಿಯವನು ಮೊದಲು ಮೊಬೈಲಿನ ಸೆಟ್ಟಿಂಗ್ ನೋಡಿದ. ಸರಿಯಾಗೇ ಇತ್ತು. ಜೋಡಣೆ ಬಿಡಿಸಿ ಮತ್ತೆ ಜೋಡಿಸಿದ. ಊಹೂಂ. ಕೊನೆಗೆ ಬಡ್ಡಿನ ರಬ್ಬರ್ ಟೊಪ್ಪಿ ಕಳಚಿ ಭೂತಗನ್ನಡಿಯಲ್ಲಿ ಇಣುಕಿದವನು ಮೆಲ್ಲಗೆ ಕೆಮ್ಮಿದ. ದನಿ ಹೊರಬರುವ ಜಾಲರಿಯ ತೂತುಗಳೆಲ್ಲ ಮುಚ್ಚಿಹೋಗಿದ್ದವು, ಎರಡರಲ್ಲೂ.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಕಿವಿ ಗುಗ್ಗೆ."

ಚಾರ್ಜರ್ ಕೊಳ್ಳಲು ಪಕ್ಕದಲ್ಲಿ ನಿಂತಿದ್ದವರು ಎರಡು ಹೆಜ್ಜೆ ಆಚೆ ಸರಿದರು. ಕಾಜಾ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕಿವಿಯಷ್ಟೇ ಅಲ್ಲ, ತನ್ನ ತಾಯಿಯ ಕಿವಿ, ಅಜ್ಜಿಯ ಕಿವಿ ಎಷ್ಟು ಚೊಕ್ಕವಾಗಿದ್ದವೆಂದು ಮೂರು ತಲೆಮಾರಿನ ವಕಾಲತ್ತು ವಹಿಸಿದಳು. ಅವನು ಹೂಂಗುಟ್ಟುತ್ತ ಮೆತ್ತನೆ ಬ್ರಷ್ಷಿನಿಂದ ಉಜ್ಜಿದ. ಬಿಡಲೊಲ್ಲದು. ಹನ್ನೆರಡು ವರ್ಷದ ಕಸುಬಿನಲ್ಲಿ ಇಷ್ಟು ಹಟಮಾರಿ ಗುಗ್ಗೆ ಕಂಡಿಲ್ಲವೆಂದು ಗೊಣಗಿ, ಸೂಜಿಯ ತುದಿಯಿಂದ ಒಂದು ಚೂರು ಎಬ್ಬಿಸಿದ. ಆಕೆ ಅದನ್ನು ಬೆರಳ ತುದಿಗೆ ತೆಗೆದುಕೊಂಡು ಮೂಸಿದಳು. ಚಾರ್ಜರಿನವರು ಅಂಗಡಿ ಬಿಟ್ಟೇ ಹೋದರು.

"ಗುಗ್ಗೆಗೆ ಜೇನಿನ ವಾಸನೆ ಇರುತ್ತೇನಣ್ಣಾ?"

ಅದು ಮೇಣ. ಕಾಜಾದ ದಾರ ಸಿಕ್ಕಾಗದಿರಲೆಂದು ಒಂದೊಂದು ಎಳೆಯನ್ನೂ ಜೇನುಮೇಣದ ಉಂಡೆಗೆ ಉಜ್ಜಿ ಎಳೆಯಬೇಕು. ಅದೇ ಬೆರಳುಗಳಲ್ಲಿ ಬಡ್ಡಿನ ತುದಿ ಹಿಡಿದು ಕಿವಿಗೆ ಒತ್ತುವುದು, ಜಾರಿದರೆ ಮತ್ತೆ ಒತ್ತುವುದು. ಆರು ತಿಂಗಳಿಂದ ಇದೇ ನಡೆದಿತ್ತು.

ರೋಗ ಗೊತ್ತಾದ ಮೇಲೆ ಮದ್ದಿಗೇನು ಬರ? ರಿಪೇರಿಯವನು ಮೇಜಿನ ದೀಪದ ಬಿಸಿಗೆ ಬಡ್ಡನ್ನು ತುಸು ಹಿಡಿದು, ಮೆತ್ತಗಾದ ಮೇಣವನ್ನು ಬಟ್ಟೆಗೆ ಒತ್ತಿ ಒತ್ತಿ ತೆಗೆದ. ಇನ್ನು ಮುಂದೆ ಕೈ ತೊಳೆದುಕೊಂಡೇ ಹಾಕಿಕೊಳ್ಳಬೇಕೆಂದ. ಆಕೆ ಇನ್ನೂ ದುರುಗುಟ್ಟಿ ನೋಡುತ್ತಿದ್ದುದರಿಂದ, "ತಪ್ಪಾಯ್ತು ಅಕ್ಕಾ, ನಿಮ್ಮ ಕಿವಿ ಅಪರಂಜಿ," ಎಂದೂ ಸೇರಿಸಿದ.

ಮೂರಕ್ಕೆ ಒಂದು ನಿಮಿಷವಿದ್ದಾಗ ಆಕೆ ತನ್ನ ಮಣೆಯ ಮೇಲೆ ಕೂತು, ತೊಳೆದ ಕೈಯಿಂದ ಎರಡೂ ಬಡ್ ಹಾಕಿಕೊಂಡಳು. ದನಿ ಎಷ್ಟು ಜೋರಾಗಿ ನುಗ್ಗಿತೆಂದರೆ ಮಷಿನ್ನುಗಳ ಸದ್ದೇ ಅಳಿಸಿಹೋಯಿತು. ಮಗಳು ನಮಸ್ಕಾರ ಎಂದಳು. ಪಕ್ಕದ ಮಷಿನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದ ಗೆಳತಿ, ಏನಂತಾಳೆ ಎಂದು ಗಲ್ಲ ಎತ್ತಿ ಕೇಳಿದಳು.

"ನಮಸ್ಕಾರ ಅಂತಾಳೆ," ಎಂದಳು ಕಾಜಾ ಅಕ್ಕ. ಕಿವಿ ತುಂಬಿದ್ದವಳಿಗೆ ತಾನು ಕೂಗುತ್ತಿರುವುದು ತಿಳಿಯಲಿಲ್ಲ. ಮಗಳು ಒಂದು ಮಾತು ಓದುವುದು, ತಾಯಿ ಅದನ್ನು ಕೂಗಿ ಹೇಳುವುದು. ಹಳೆ ಸೇತುವೆ ಮತ್ತೆ ತೆರೆಯಿತು. ಈರುಳ್ಳಿ ಬೆಲೆ ಇಳಿಯಿತು. ಒಂದೊಂದೇ ಮಷಿನ್ನು ನಿಂತಿತು. ಏನು ಗಲಾಟೆ ಎಂದು ಕತ್ತರಿ ಹಿಡಿದು ಬಂದ ಮಾಸ್ಟರು ಬಾಗಿಲಲ್ಲೇ ನಿಂತು, ನಾಳೆ ಮೋಡ ಕವಿದಿರುತ್ತದೆ ಎಂಬುದನ್ನೂ ಕೇಳಿಸಿಕೊಂಡರು.

"ಸುದ್ದಿ ಓದಿದವರು..." ಎಂದಳು ಮಗಳು. ತಾಯಿಯೂ ಹಾಗೇ ಕೂಗಿದಳು. ಮುಂದೆ ಬಂದ ಹೆಸರನ್ನು ಮಾತ್ರ ಆಕೆಗೆ ಕಿವಿಗೆ ಬಿದ್ದಂತೆಯೇ ಹೇಳಲಾಗಲಿಲ್ಲ. ನಿಶ್ಶಬ್ದವಾಗಿದ್ದ ಆ ಕೋಣೆಯಲ್ಲಿ, ಮೊದಲ ಸಲ ದನಿ ತಗ್ಗಿಸಿ, "ನಮ್ಮ ಪುಟ್ಟಿ," ಎಂದಳು.