ತೇಲುಪೇಟೆಯಲ್ಲಿ ಕಚ್ಚೆ ಸೀರೆ

ಥಾಯ್ಲೆಂಡಿನ ತೇಲುಪೇಟೆಯಲ್ಲಿ ಚಪ್ಪಲಿಯ ಜೊತೆ ಮೈತೂಕವನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಬಾಗಿಲಲ್ಲಿಟ್ಟಿದ್ದ ಹಾಡುವ ಪ್ಲಾಸ್ಟಿಕ್ ಆನೆಯ ಪಕ್ಕ ನಿಂತು ಸೊಸೆ ಶಶಿಕಲಾ ಗದಗಿನ ನೀಲವ್ವನಿಗೆ ಪ್ಯಾಂಟು ನೀಡಿದಳು.

"ಅತ್ತಿ, ಇದನ್ನ ಹಾಕ್ಕೋರಿ. ಒಳಗ ಸೀರಿ ಹಾರಿ ಮಾನ ಹೋಗ್ತೈತಿ."

"ಕಚ್ಚಿ ಹಾಕಿ ಬೆದರಿದ ಎತ್ತಿನ ಬೆನ್ನ ಹತ್ತಿ ಓಡೇನಿ. ನಡಿ," ಎಂದು ನೀಲವ್ವ ಒಳಹೊಕ್ಕಳು.

ಒಳಗೆ ಕಾಲಿಟ್ಟೊಡನೆ ಎಲ್ಲರೂ ನೆಲ ಬಿಟ್ಟು ಗಾಳಿಯಲ್ಲಿ ತೇಲಿದರು. ಪರದೇಶದ ಹೆಂಗಸರ ಲಂಗಗಳು ಕೊಡೆಯಂತೆ ಬಿಚ್ಚಿಕೊಂಡವು. ಶಶಿಕಲಾಳ ಚೂಡಿದಾರದ ಅಂಗಿ ಅವಳದೇ ಮುಖ ಮುಚ್ಚಿತು. ನೀಲವ್ವ ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿ, ಗಾಳಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಸೊಸೆ ತಡಕಾಡಿ ಅತ್ತೆಯ ಕಾಲು ಹಿಡಿದುಕೊಂಡಳು.

"ಅತ್ತಿ, ಚೀಲದಾಗ ಇನ್ನೊಂದು ಸೀರಿ ಐತೇನ್ರಿ?"

"ಮೂರದಾವ. ಮೊದಲ ನೀ ಬಾ, ಕಚ್ಚಿ ಹಾಕಿ ಉಡಸ್ತೀನಿ. ಆ ಲಂಗದ ಮೇಡಮ್ಮೋರಿಗೂ ಪಾಳಿ ಹಚ್ಚಾಕ ಹೇಳು."