ಒಂಬತ್ತನೆಯ ತೊಲೆ

ಚಳಿಗಾಲದ ಒಂದು ಬೆಳಿಗ್ಗೆ, ಏಳು ಗಂಟೆಗೆ, ಬಡಗಿಯ ಹಿರಿಸೊಸೆ ಒಂಬತ್ತನೆಯ ತೊಲೆಯ ಮೇಲೆ ಉಳಿ ಇಟ್ಟಳು. ಅಂಗಳದಲ್ಲಿ ಜೋಡಿಸಿ ನೋಡಿ ಬಿಚ್ಚಿದ ಚಾವಣಿಯನ್ನು ದೂರದ ಊರಿನಲ್ಲಿ ಮತ್ತೆ ಕೂರಿಸಬೇಕಿತ್ತು. ಒಂದು ತೊಲೆಯ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲವಾದ್ದರಿಂದ ಪ್ರತಿಯೊಂದಕ್ಕೂ ರೋಮನ್ ಅಂಕಿ ಕೊರೆಯುತ್ತಿದ್ದರು. ದುಂಡಗಿನ ಅಂಕಿ ಉಳಿಗೆ ಒಗ್ಗುವುದಿಲ್ಲ, ನೆಟ್ಟಗಿನ ಗೆರೆಯೇ ಸಲೀಸು. ಕೂರಿಸಲು ಮಾವನ ಜೊತೆ ಹೋಗುವವರು ಇನ್ನೊಬ್ಬರು ಮಾತ್ರ. ಆ ಇನ್ನೊಬ್ಬಳು ತಾನೇ ಆಗಬೇಕೆಂದು ಅವಳು ಹಟ ಹಿಡಿದಿದ್ದಳು.

ಅವಳು VIIII ಎಂದು ಕೊರೆದದ್ದನ್ನು ನೋಡಿ ಮೈದುನ ನಕ್ಕ. "ಏನತ್ತಿಗೆ, ಬೇಲಿ ಹಾಕ್ತಿದ್ದೀರಾ? ಒಂಬತ್ತು ಅಂದ್ರೆ IX. ಶಾಲೆ ಪುಸ್ತಕದಲ್ಲೇ ಇದೆ. ಅಪ್ಪಾ, ಇವರನ್ನ ಕರ್ಕೊಂಡು ಹೋದ್ರೆ ನಮ್ಮ ಮಾನ ಹೋಗುತ್ತೆ!"

ಮಾವ ಕನ್ನಡಕ ಏರಿಸಿ ನೋಡಿದರು. "ಅವನು ಹೇಳೋದು ಸರಿ ಕಣಮ್ಮ."

ಅವಳು ವಾದಕ್ಕೆ ಇಳಿಯಲಿಲ್ಲ. ಒಂದು ತುಂಡು ಹಲಗೆ ತೆಗೆದುಕೊಂಡು, ಮೈದುನ ಹೇಳಿದಂತೆಯೇ IX ಕೊರೆದು, ಅದನ್ನು ಬುಡಮೇಲು ತಿರುಗಿಸಿ ಮಾವನ ಮುಂದಿಟ್ಟಳು.

"ಈಗ ಓದಿ ಮಾವ."

"ಹನ್ನೊಂದು," ಎಂದರು ಮಾವ. ಹೇಳಿದವರೇ ಬೆಚ್ಚಿ ಮತ್ತೊಮ್ಮೆ ನೋಡಿದರು.

"ಲಾರಿಯಿಂದ ಇಳಿಸೋವಾಗ ತೊಲೆ ಯಾವ ಕಡೆ ತಿರುಗಿರುತ್ತೋ ಯಾರಿಗೆ ಗೊತ್ತು? ನನ್ನ ಒಂಬತ್ತು ಹೇಗೆ ಬಿದ್ರೂ ಒಂಬತ್ತೇ."

ಮೈದುನ ಹಲಗೆಯನ್ನು ಎರಡು ಸಲ ತಿರುಗಿಸಿ ನೋಡಿ ಕೆಳಗಿಟ್ಟ. "ಹತ್ತನೇದನ್ನ ಬೇಗ ಕೊರಿಯಮ್ಮ, ಹೊತ್ತಾಯ್ತು," ಎಂದರು ಮಾವ.

ಶನಿವಾರ ಲಾರಿ ಹತ್ತಿ ಹೊರಟವರು ಮಾವ ಮತ್ತು ಸೊಸೆ.