ಹದಿಮೂರರ ಮಗ್ಗಿ

ಮೊನ್ನೆ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ಒಂದೆಲಗದ ಕಟ್ಟನ್ನು ಕೈಗಿತ್ತಾಗ, ಆ ಹಸಿ ವಾಸನೆಗೆ ನನ್ನ ಬಾಯಲ್ಲಿ ತಾನಾಗಿಯೇ ಹದಿಮೂರರ ಮಗ್ಗಿ ಶುರುವಾಯಿತು.

ಚಾಮರಾಜಪೇಟೆಯ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಅಜ್ಜಿ ಒಂದೆಲಗದ ಚಟ್ನಿ ಅರೆಯುತ್ತಿದ್ದಳು. "ಜ್ಞಾಪಕಶಕ್ತಿಗೆ ಒಳ್ಳೇದು, ತಿನ್ನೇ" ಎಂದು ನನಗೇ ಜಾಸ್ತಿ ಬಡಿಸುತ್ತಿದ್ದಳು. ನನಗೋ ಅದರ ಒಗರು ಕಂಡರಾಗದು. ಲೆಕ್ಕದ ಮೇಷ್ಟರಾಗಿ ರಿಟೈರ್ ಆಗಿದ್ದ ತಾತ, ನಾನು ಮಗ್ಗಿ ಒಪ್ಪಿಸುವ ತನಕ ತುತ್ತು ಎತ್ತುತ್ತಿರಲಿಲ್ಲ. ಒಂದು ತಪ್ಪಿದರೂ ಮತ್ತೆ ಮೊದಲಿಂದ ಹೇಳಬೇಕಿತ್ತು.

ಆ ಭಾನುವಾರ ನಾನು "ಹದಿಮೂರೆಂಟ್ಲಿ ನೂರಾ ಹದಿನಾಲ್ಕು" ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡು ತಾತನ ಮುಖ ನೋಡಿದೆ. ಅವರು ತಲೆಯಾಡಿಸುತ್ತಲೇ ಇದ್ದರು.

"ಹ್ಞೂಂ, ಮುಂದೆ?"

ಮುಗಿಸಿದಾಗ "ಶಭಾಷ್" ಎಂದರು. ಚಟ್ನಿ ತಂದ ಅಜ್ಜಿಯ ಕಿವಿಯಲ್ಲಿ ನಾನು ಖುಷಿಯಿಂದ ಪಿಸುಗುಟ್ಟಿದೆ: "ನಾನು ತಪ್ಪು ಹೇಳ್ದೆ ಅಜ್ಜಿ, ತಾತಂಗೆ ಗೊತ್ತೇ ಆಗ್ಲಿಲ್ಲ!"

ಅಜ್ಜಿ ನಗಲಿಲ್ಲ. ನನಗೆಂದು ತಂದಿದ್ದ ಚಟ್ನಿಯನ್ನೆಲ್ಲ ತಾತನ ಅನ್ನದ ಮೇಲೆ ಹಾಕಿ, "ಒಂಚೂರೂ ಬಿಡ್ದೆ ತಿನ್ನಿ" ಎಂದಳು.

"ಮಗೂಗೆ?" ಎಂದರು ತಾತ.

"ಅವಳಿಗೆ ಜ್ಞಾಪಕ ಇರತ್ತೆ ಬಿಡಿ."